ಬೆಳ್ಳಿಯ ಗೂಬೆ ಯಾರ ತಲೆಯ ಮೇಲೆ?

ನಾಡಿನ ಹಿಂದಿನ ಹಿರಿಮೆಯನ್ನು ಕುರಿತು ವೇದಿಕೆಯೇರಿ ಮಾತನಾಡುವ ಮಹನೀಯರಿಗೆ ಒಂದು ಮಾತು ಬಲು ಪ್ರಿಯವಾದುದು. ‘ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ಘಟ್ಟದ ಮೆಣಸಿಗಾಗಿ ಯವನರು ಹಣದ ಚೀಲ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು, ರೋಮಿನ ಬೆಳ್ಳಿಬಂಗಾರವೆಲ್ಲ ಇತ್ತ ಹರಿದುಬಂದಿತು, ನಾವು ಅಷ್ಟು ಸಿರಿವಂತರಾಗಿದ್ದೆವು’ ಎಂದು ಅವರು ಹೇಳುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಚಪ್ಪಾಳೆ ತಟ್ಟಿದವರಲ್ಲಿ ಕ್ಯೂರಿಂಗ್ ಮಿಲ್ಲಿನಲ್ಲಿ ಮೂಟೆ ಹೊರುವವನೂ ಇರುತ್ತಾನೆ, ಸಂತೆಯಲ್ಲಿ ಕಾಳುಮೆಣಸನ್ನು ಸೇರಿನ ಲೆಕ್ಕದಲ್ಲಿ ಕೊಂಡು ಮಾರುವ ಸಣ್ಣ ವ್ಯಾಪಾರಿಯೂ ಇರುತ್ತಾನೆ.

ನಾಣ್ಯ ಬಂದದ್ದು ಸುಳ್ಳಲ್ಲ. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ರಾಶಿ ಸಿಕ್ಕಿತು. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಮೈಸೂರು ಸಂಸ್ಥಾನದ ಪ್ರಾಕ್ತನ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ೧೯೨೯ರ ಸುಮಾರಿಗೆ ಅಗೆಸಿದರು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಆಗಸ್ಟಸ್, ಟೈಬೀರಿಯಸ್ ಎಂಬ ಚಕ್ರವರ್ತಿಗಳ ಮುಖವುಳ್ಳ ಬೆಳ್ಳಿಯ ಡಿನೇರಿಯಸ್ ನಾಣ್ಯಗಳು ಅಲ್ಲಿ ದೊರೆತಿವೆ. ಇದೆಲ್ಲ ನಿಜ. ನಮ್ಮ ಪ್ರಶ್ನೆ ಬೇರೆ. ‘ನಾವು ಸಿರಿವಂತರಾಗಿದ್ದೆವು’ ಎಂಬ ಮಾತಿನಲ್ಲಿ ಆ ‘ನಾವು’ ಯಾರು? ಬಳ್ಳಿ ಹತ್ತಿ ಮೆಣಸು ಕೊಯ್ದವನೋ, ಕೊಯ್ಸಿದವನೋ? ಆ ಬೆಳ್ಳಿಯನ್ನು ನೆಲದೊಳಗಿಂದ ತೆಗೆದವನು ಯಾರು, ಅವನಿಗೆ ಸಿಕ್ಕಿದ್ದೇನು?

ಬೆಳ್ಳಿ ನಾಣ್ಯದ ಜಾತಕವನ್ನು ಒಮ್ಮೆ ಬಿಚ್ಚಿ ನೋಡೋಣ.

ಗೂಬೆಯ ಹುಟ್ಟು

ಈ ಜಾತಕ ಚೆನ್ನಾಗಿ ಬರೆದಿಟ್ಟಿರುವುದು ಗ್ರೀಕರ ಅಥೆನ್ಸ್ ಪಟ್ಟಣದಲ್ಲಿ. ಆ ಊರಿನ ನಾಣ್ಯದ ಒಂದು ಮುಖದಲ್ಲಿ ಅಥೀನಾ ದೇವಿಯ ತಲೆ, ಇನ್ನೊಂದು ಮುಖದಲ್ಲಿ ಅವಳ ಹಕ್ಕಿಯಾದ ಗೂಬೆ. ನಮ್ಮ ಕಡೆ ಗೂಬೆ ಕೂತ ಮನೆಗೆ ಶಾಂತಿ ಮಾಡಿಸುತ್ತಾರೆ. ಅಲ್ಲಿ ಜನ ಆ ನಾಣ್ಯವನ್ನೇ ಪ್ರೀತಿಯಿಂದ ‘ಗೂಬೆ’ ಎಂದು ಕರೆದರು. ಲೆಕ್ಕ ಹೀಗಿತ್ತು: ಆರು ಓಬೊಲ್ ಸೇರಿದರೆ ಒಂದು ಡ್ರಾಕ್ಮಾ, ಆರು ಸಾವಿರ ಡ್ರಾಕ್ಮಾ ಸೇರಿದರೆ ಒಂದು ಟ್ಯಾಲೆಂಟ್. ನಾಲ್ಕು ಡ್ರಾಕ್ಮಾದ ದೊಡ್ಡ ಗೂಬೆ ೧೭ ಗ್ರಾಮಿಗೆ ತುಸು ಮೇಲೆ, ಎಂದರೆ ನಮ್ಮ ಹಳೆಯ ತೂಕದಲ್ಲಿ ಹತ್ತಿರ ಹತ್ತಿರ ಒಂದೂವರೆ ತೊಲ. ಬೆಳ್ಳಿ ಶುದ್ಧವಾಗಿದ್ದುದರಿಂದ ಈಜಿಪ್ಟು, ಸಿರಿಯಾಗಳ ವರ್ತಕರೂ ಅದನ್ನು ತಕರಾರಿಲ್ಲದೆ ತೆಗೆದುಕೊಳ್ಳುತ್ತಿದ್ದರು.

ಬೆಳ್ಳಿ ಬರುತ್ತಿದ್ದುದು ಪಟ್ಟಣಕ್ಕೆ ದಕ್ಷಿಣದಲ್ಲಿದ್ದ ಲಾರಿಯನ್ ಗುಡ್ಡಗಳ ಗಣಿಯಿಂದ. ಸೀಸದ ಅದಿರಿನೊಳಗೆ ಬೆಳ್ಳಿ ಅಡಗಿರುತ್ತದೆ. ಅದಿರನ್ನು ಕಡಿದು, ಕುಟ್ಟಿ, ಬೀಸಿ, ನೀರಿನಲ್ಲಿ ತೊಳೆದು, ಕುಲುಮೆಯಲ್ಲಿ ಸೀಸವನ್ನು ಬೇರ್ಪಡಿಸಬೇಕು. ಸುರಂಗಗಳು ಎಷ್ಟೋ ಕಡೆ ಒಬ್ಬ ಮನುಷ್ಯ ಕುಕ್ಕರಗಾಲಿನಲ್ಲಿ ಕೂರುವಷ್ಟೇ ಎತ್ತರ. ಎಣ್ಣೆದೀಪದ ಹೊಗೆ, ಮೇಲೆ ಬಂದರೆ ಸೀಸದ ಹೊಗೆ. ಈ ಕೆಲಸಕ್ಕೆ ಅಥೆನ್ಸಿನ ಪೌರ ಇಳಿಯುತ್ತಿರಲಿಲ್ಲ. ಇಳಿದವರು ಕೊಂಡು ತಂದ ಗುಲಾಮರು.

ಕ್ರಿ.ಪೂ. ೪೮೩ರ ಸುಮಾರಿಗೆ ಅಲ್ಲಿ ಹೊಸ ಪದರ ಸಿಕ್ಕಿತು. ಸರ್ಕಾರದ ಬೊಕ್ಕಸಕ್ಕೆ ೧೦೦ ಟ್ಯಾಲೆಂಟ್ ಬಂತೆಂದು ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ಗ್ರಂಥ ಹೇಳುತ್ತದೆ. ಪೌರರ ಸಭೆ ಸೇರಿತು. ತಲೆಗೆ ಹತ್ತು ಡ್ರಾಕ್ಮಾದಂತೆ ಹಂಚಿಬಿಡೋಣ ಎಂದರು ಹಲವರು. ಥೆಮಿಸ್ಟೋಕ್ಲೀಸ್ ಎಂಬ ಮುಖಂಡ ಎದ್ದು, ಹಂಚಬೇಡಿ, ಹಡಗು ಕಟ್ಟಿ ಎಂದು ಒಪ್ಪಿಸಿದ. ಮೂರು ವರ್ಷ ಕಳೆದು ಕ್ರಿ.ಪೂ. ೪೮೦ರಲ್ಲಿ ಸಲಾಮಿಸ್ ದ್ವೀಪದ ಬಳಿ ಅದೇ ಹಡಗುಗಳು ಪರ್ಷಿಯದ ದೊರೆಯ ನೌಕಾಪಡೆಯನ್ನು ಮುರಿದವು. ಹುಟ್ಟು ಹಾಕಿದವರು ಭೂಮಿಕಾಣಿಯಿಲ್ಲದ ಬಡ ಪೌರರು. ಆಮೇಲೆ ಸಭೆಯಲ್ಲಿ ಅವರ ಮಾತಿಗೆ ತೂಕ ಬಂತು. ಇಷ್ಟನ್ನು ಮೆಚ್ಚೋಣ. ನೆಲದೊಳಗಿನ ಸಂಪತ್ತು ಊರಿನದು, ಅದನ್ನು ಏನು ಮಾಡಬೇಕೆಂದು ಊರು ಕೂತು ತೀರ್ಮಾನಿಸಬೇಕು ಎಂಬ ಈ ಒಂದು ಪಾಠವನ್ನು ಅಥೆನ್ಸಿನಿಂದ ಕಲಿಯಬಹುದು. ಆದರೆ ಆ ಸಭೆಯಲ್ಲಿ ಅದಿರು ಕಡಿದವನಿಗೆ ಕೈ ಎತ್ತುವ ಹಕ್ಕಿರಲಿಲ್ಲ. ಯಾವ ಹೆಂಗಸಿಗೂ ಇರಲಿಲ್ಲ.

ನಿಕಿಯಾಸ್ ಎಂಬ ಸೇನಾಪತಿಯ ಲೆಕ್ಕವನ್ನು ಕ್ಸೆನೊಫೋನ್ ಎಂಬ ಲೇಖಕ ಬರೆದಿಟ್ಟಿದ್ದಾನೆ. ಆತನ ಬಳಿ ಗಣಿಕೆಲಸದ ಗುಲಾಮರು ೧,೦೦೦ ಮಂದಿ. ಅವರನ್ನು ಸೋಸಿಯಾಸ್ ಎಂಬ ಗುತ್ತಿಗೆದಾರನಿಗೆ ತಲೆಗೆ ದಿನಕ್ಕೊಂದು ಓಬೊಲಿನಂತೆ ಬಾಡಿಗೆಗೆ ಕೊಟ್ಟಿದ್ದ. ಕರಾರು ಏನೆಂದರೆ ತಲೆಯೆಣಿಕೆ ಕಡಿಮೆಯಾಗಕೂಡದು. ಸತ್ತವನ ಜಾಗಕ್ಕೆ ಗುತ್ತಿಗೆದಾರನೇ ಇನ್ನೊಬ್ಬನನ್ನು ತುಂಬಿಸಿಕೊಡಬೇಕು. ಈಗ ಲೆಕ್ಕ ಹಾಕಿ. ದಿನಕ್ಕೆ ೧,೦೦೦ ಓಬೊಲ್. ೩೬೦ ದಿನಕ್ಕೆ ೩,೬೦,೦೦೦ ಓಬೊಲ್. ಆರರಿಂದ ಭಾಗಿಸಿದರೆ ೬೦,೦೦೦ ಡ್ರಾಕ್ಮಾ, ಎಂದರೆ ವರ್ಷಕ್ಕೆ ಹತ್ತು ಟ್ಯಾಲೆಂಟ್. ಅದೇ ಕಾಲದಲ್ಲಿ ಊರಿನ ದೇವಾಲಯ ಕಟ್ಟುವ ಕುಶಲಿ ಕೆಲಸಗಾರನಿಗೆ ದಿನಕ್ಕೆ ಒಂದು ಡ್ರಾಕ್ಮಾ ಕೂಲಿ. ನಿಕಿಯಾಸ್ ಒಂದೇ ಒಂದು ಕಲ್ಲೆತ್ತದೆ ಒಂದು ವರ್ಷದಲ್ಲಿ ಪಡೆದುದನ್ನು ಆ ಕಲ್ಲುಕುಟಿಗ ಗಳಿಸಬೇಕಾದರೆ ಬಿಡುವಿಲ್ಲದೆ ದುಡಿದರೂ ೧೬೦ ವರ್ಷಕ್ಕೂ ಹೆಚ್ಚು ಬೇಕು!

ನಾಣ್ಯದ ಮೇಲಿನ ಗೂಬೆ ಸುಂದರವಾಗಿದೆ. ಅದು ಕೂತದ್ದು ಈ ಸಾವಿರ ತಲೆಗಳ ಮೇಲೆ.

ಕೈ ಬಿಟ್ಟಾಗ ಬೆಳ್ಳಿಯೂ ಬಿಟ್ಟಿತು

‘ಬಂಡವಾಳ ಹಾಕಿದವನಿಂದಲೇ ಸಂಪತ್ತು’ ಎನ್ನುವವರು ಮುಂದಿನ ಕಥೆಯನ್ನು ಗಮನವಿಟ್ಟು ಕೇಳಬೇಕು. ಕ್ರಿ.ಪೂ. ೪೧೩ರಲ್ಲಿ ಸ್ಪಾರ್ಟಾದವರು ಅಥೆನ್ಸಿನ ನೆಲದಲ್ಲಿಯೇ ಡೆಸಿಲಿಯಾ ಎಂಬಲ್ಲಿ ಕೋಟೆ ಕಟ್ಟಿ ಕೂತರು. ಅಲ್ಲಿಂದ ಮುಂದೆ ೨೦,೦೦೦ಕ್ಕೂ ಹೆಚ್ಚು ಗುಲಾಮರು ತಪ್ಪಿಸಿಕೊಂಡು ಹೋದರು, ಅವರಲ್ಲಿ ಬಹುಪಾಲು ಕೈಕಸಬಿನವರು ಎಂದು ಆ ಯುದ್ಧದ ಇತಿಹಾಸ ಬರೆದ ಥೂಸಿಡಿಡೀಸ್ ಹೇಳುತ್ತಾನೆ. ಗುಡ್ಡ ಅಲ್ಲಿಯೇ ಇತ್ತು. ಅದಿರು ಅಲ್ಲಿಯೇ ಇತ್ತು. ಗಣಿಯ ಹಕ್ಕುಪತ್ರ ಹಿಡಿದ ಧಣಿಗಳೂ ಇದ್ದರು. ದುಡಿಯುವ ಕೈ ಮಾತ್ರ ಇರಲಿಲ್ಲ. ಟಂಕಸಾಲೆಗೆ ಬೆಳ್ಳಿ ಇಲ್ಲವಾಯಿತು. ಕೆಲವೇ ವರ್ಷದಲ್ಲಿ ಅಥೆನ್ಸ್ ತನ್ನ ವಿಜಯದೇವತೆಯ ಚಿನ್ನದ ಮೂರ್ತಿಗಳನ್ನು ಕರಗಿಸಿತು. ತಾಮ್ರದ ಬಿಲ್ಲೆಗೆ ಬೆಳ್ಳಿಯ ತೊಗಟೆ ಹೊದಿಸಿ ಗೂಬೆ ಮುದ್ರೆಯೊತ್ತಿತು. ಕ್ರಿ.ಪೂ. ೪೦೫ರಲ್ಲಿ ಅರಿಸ್ಟೋಫನೀಸ್ ಎಂಬ ನಾಟಕಕಾರ ಈ ಕೆಟ್ಟ ನಾಣ್ಯವನ್ನು ರಂಗದ ಮೇಲೆಯೇ ಗೇಲಿ ಮಾಡಿದ. ಮರುವರ್ಷ ಅಥೆನ್ಸ್ ಶರಣಾಯಿತು.

ಸಣ್ಣ ವ್ಯಾಪಾರಿಗಳು ಇನ್ನೊಂದು ಸಂಗತಿಯನ್ನು ತಿಳಿಯಬೇಕು. ೧೯೭೦ರಲ್ಲಿ ಅಥೆನ್ಸಿನ ಹಳೆಯ ಪೇಟೆಯ ನೆಲ ಅಗೆಯುವಾಗ ಒಂದು ಕಲ್ಲುಶಾಸನ ಸಿಕ್ಕಿತು, ಕ್ರಿ.ಪೂ. ೩೭೫ರ ಕಾನೂನು ಅದು. ಪೇಟೆಯಲ್ಲಿ ಒಬ್ಬ, ಬಂದರಿನಲ್ಲಿ ಒಬ್ಬ ನಾಣ್ಯಪರೀಕ್ಷಕ ಕೂರತಕ್ಕದ್ದು. ಒಳಗೆ ತಾಮ್ರವೋ ಸೀಸವೋ ಇದ್ದರೆ ನಾಣ್ಯಕ್ಕೆ ಕಚ್ಚು ಹಾಕಿ ಕಿತ್ತುಕೊಳ್ಳತಕ್ಕದ್ದು. ಅವನು ಸರಿಯೆಂದ ನಾಣ್ಯವನ್ನು ಯಾವ ಅಂಗಡಿಯವನಾದರೂ ಬೇಡವೆಂದರೆ ಆ ದಿನ ಅವನು ಮಾರಾಟಕ್ಕಿಟ್ಟ ಸರಕೆಲ್ಲ ಮುಟ್ಟುಗೋಲು! ಆ ಪರೀಕ್ಷಕನಾದರೋ ಸರ್ಕಾರಿ ಗುಲಾಮ. ಕೆಲಸ ತಪ್ಪಿದರೆ ಅವನಿಗೆ ೫೦ ಛಡಿಯೇಟು. ಪೇಟೆಗೆ ನಂಬಿಕೆಯ ನಾಣ್ಯ ಬೇಕು, ಸರಿ. ನಾವು ನಾಣ್ಯದ ವೈರಿಗಳಲ್ಲ; ನಾಣ್ಯವಿಲ್ಲದೆ ಸಂತೆ ನಡೆಯದು. ಆದರೆ ಹಿಂದೆ ತಾಮ್ರಕ್ಕೆ ಬೆಳ್ಳಿ ಹೊದಿಸಿದ್ದು ಸರ್ಕಾರದ ಟಂಕಸಾಲೆಯೇ. ನಾಣ್ಯದ ಮೇಲಿನ ನಂಬಿಕೆ ಕಾಯುವ ಹೊಣೆ ಬಂದಾಗ ಸರಕು ಹೋದದ್ದು ಅಂಗಡಿಯವನದು, ಬೆನ್ನು ಸುಲಿದದ್ದು ಗುಲಾಮನದು. ದೊಡ್ಡವರ ತಲೆಯ ಮೇಲಿಳಿಯಬೇಕಾದ ಗೂಬೆಯನ್ನು ಸಣ್ಣವರ ತಲೆಯ ಮೇಲೆ ಕೂರಿಸುವ ವಿದ್ಯೆ ಇಂದಿನದಲ್ಲ.

ಮೆಣಸಿನ ಬೆಲೆ, ಮೆಣಸಿನವನ ಬೆಲೆ

ಅಥೆನ್ಸಿನ ನಂತರ ರೋಮ್. ಸ್ಪೇನ್ ದೇಶದ ಹೊಸ ಕಾರ್ಥೇಜ್ ಎಂಬ ಊರಿನ ಬೆಳ್ಳಿಗಣಿಯಲ್ಲಿ ೪೦,೦೦೦ ಜನ ದುಡಿಯುತ್ತಿದ್ದರು, ದಿನಕ್ಕೆ ೨೫,೦೦೦ ಡ್ರಾಕ್ಮಾದಷ್ಟು ಬೆಳ್ಳಿ ರೋಮಿಗೆ ಹೋಗುತ್ತಿತ್ತು ಎಂದು ಪಾಲಿಬಿಯಸ್ ಬರೆದ. ಅಂಥ ಗಣಿಗಳ ಬೆಳ್ಳಿಯೇ ಡಿನೇರಿಯಸ್ ಆಯಿತು. ಅಂಥ ಡಿನೇರಿಯಸ್ಸುಗಳೇ ಹಡಗು ಹತ್ತಿ ಮಲಬಾರಿನ ತೀರಕ್ಕೆ, ಅಲ್ಲಿಂದ ಇಲ್ಲಿಂದ ಒಳನಾಡಿಗೆ ಬಂದವು. ಭಾರತಕ್ಕೆ ವರ್ಷ ವರ್ಷವೂ ೫ ಕೋಟಿ ಸೆಸ್ಟರ್ಸ್ ಹೋಗುತ್ತಿದೆ, ಅಲ್ಲಿಂದ ಬರುವ ಸರಕು ನಮ್ಮಲ್ಲಿ ಅಸಲಿನ ನೂರುಪಟ್ಟಿಗೆ ಮಾರಾಟವಾಗುತ್ತಿದೆ ಎಂದು ರೋಮಿನ ಪ್ಲಿನಿ ಕ್ರಿ.ಶ. ಒಂದನೆಯ ಶತಮಾನದಲ್ಲಿ ಗೊಣಗಿದ. ನಾಲ್ಕು ಸೆಸ್ಟರ್ಸಿಗೆ ಒಂದು ಡಿನೇರಿಯಸ್; ಅಲ್ಲಿಗೆ ೧ ಕೋಟಿ ೨೫ ಲಕ್ಷ ಡಿನೇರಿಯಸ್.

ಭಾಷಣಕಾರರು ಪ್ಲಿನಿಯ ಮೊದಲ ಅರ್ಧವನ್ನು ಹೇಳಿ ಎರಡನೆಯ ಅರ್ಧವನ್ನು ನುಂಗುತ್ತಾರೆ. ನೂರುಪಟ್ಟು! ಪ್ಲಿನಿ ಕೊಟ್ಟ ಇನ್ನೊಂದು ಬೆಲೆ ನೋಡಿ: ರೋಮಿನಲ್ಲಿ ಕರಿಮೆಣಸು ಪೌಂಡಿಗೆ ೪ ಡಿನೇರಿಯಸ್. ಆಗಿನ ರೋಮನ್ ಸಿಪಾಯಿಯ ಸಂಬಳ ವರ್ಷಕ್ಕೆ ೨೨೫ ಡಿನೇರಿಯಸ್. ಆತ ಒಂದು ಪೌಂಡು ಮೆಣಸು ಕೊಳ್ಳಬೇಕಾದರೆ ಆರು ದಿನಕ್ಕೂ ಹೆಚ್ಚಿನ ಸಂಬಳ ಸುರಿಯಬೇಕು. ಪ್ಲಿನಿಯ ಮಾತನ್ನು ಅಕ್ಷರಶಃ ನಂಬಿದರೆ, ಇಲ್ಲಿ ಆ ಪೌಂಡು ಮೆಣಸಿಗೆ ಸಿಕ್ಕಿದ್ದು ನಾಲ್ಕರಲ್ಲಿ ನೂರರ ಒಂದು ಪಾಲು. ಪ್ಲಿನಿ ಉತ್ಪ್ರೇಕ್ಷೆ ಮಾಡಿದ್ದಾನೆ ಎನ್ನಿ, ಹತ್ತುಪಟ್ಟೆಂದೇ ಇಟ್ಟುಕೊಳ್ಳಿ. ಉಳಿದ ಒಂಬತ್ತು ಪಾಲು ಎಲ್ಲಿ ಹೋಯಿತು? ರೋಮಿನ ಗಡಿಯಲ್ಲಿ ನಾಲ್ಕರಲ್ಲೊಂದು ಪಾಲು ಸುಂಕ, ಹಡಗಿನ ಒಡೆಯ, ಅವನಿಗೆ ಸಾಲ ಕೊಟ್ಟ ಸಾಹುಕಾರ, ದಾರಿಯ ದಳ್ಳಾಳಿಗಳು. ಇತ್ತ ಕಡೆ ಬಂದ ಬೆಳ್ಳಿಯೂ ಬಳ್ಳಿಯ ಬುಡಕ್ಕೆ ಬರಲಿಲ್ಲ. ಮಣ್ಣಿನಲ್ಲಿ ಹೂತಿಟ್ಟ ನಾಣ್ಯದ ರಾಶಿ ಎಂದರೇನು? ತಿನ್ನಲು, ಉಡಲು ಬೇಡವಾಗುವಷ್ಟು ಹಣವಿದ್ದವನ ಗಂಟು. ದಿನಗೂಲಿಯವನು ಗಡಿಗೆ ತುಂಬ ಬೆಳ್ಳಿ ಹೂತಿಟ್ಟದ್ದನ್ನು ಯಾರಾದರೂ ಕಂಡಿದ್ದಾರೆಯೇ?

ಮಂಜರಾಬಾದಿನ ರೂಪಾಯಿ

‘ಅದೆಲ್ಲ ಎರಡು ಸಾವಿರ ವರ್ಷದ ಹಿಂದಿನ ಮಾತು ಬಿಡಿ’ ಎನ್ನಬಹುದು. ಬಿಟ್ಟೆವು. ಸಕಲೇಶಪುರಕ್ಕೇ ಬರೋಣ.

ಹೇಮಾವತಿಯ ಆಚೀಚೆಯ ಈ ಸೀಮೆಗೆ ಮಂಜರಾಬಾದ್ ಎಂದು ಹೆಸರಿದ್ದ ದಿನಗಳು. ೧೮೪೦ರ ದಶಕದಲ್ಲಿ ಇಲ್ಲಿ ಆಂಗ್ಲರ ಕಾಫಿತೋಟ ಆರಂಭವಾಯಿತು. ೧೮೫೬ರಲ್ಲಿ ಇಲ್ಲಿಗೆ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬ ದೊರೆ ೧೮೯೪ರಲ್ಲಿ ಮೈಸೂರಿನ ಚಿನ್ನ, ಬೇಟೆ, ಕಾಫಿಗಳನ್ನು ಕುರಿತು ಒಂದು ದಪ್ಪ ಪುಸ್ತಕ ಬರೆದ. ಹುಲಿ ಬೇಟೆಯ ನಡುವೆ ಅದರಲ್ಲಿ ಬೆಳ್ಳಿಯ ಪ್ರಶ್ನೆಗೆಂದೇ ಒಂದು ಅಧ್ಯಾಯ! ಕಾಫಿಗಿಡಕ್ಕೂ ಬೆಳ್ಳಿ ನಾಣ್ಯಕ್ಕೂ ಏನು ನಂಟು?

ನಂಟು ಹೀಗಿದೆ. ೧೮೩೫ರ ಕಾನೂನಿನ ಪ್ರಕಾರ ರೂಪಾಯಿ ಎಂದರೆ ೧೮೦ ಗ್ರೇನ್ ತೂಕ, ಅದರಲ್ಲಿ ೧೬೫ ಗ್ರೇನ್ ಅಪ್ಪಟ ಬೆಳ್ಳಿ. ಇಂಗ್ಲೆಂಡಿನ ಹಣ ಚಿನ್ನದ್ದು. ೧೮೭೦ರ ದಶಕದಲ್ಲಿ ಜರ್ಮನಿ ಮೊದಲಾದ ದೇಶಗಳು ಬೆಳ್ಳಿ ಬಿಟ್ಟು ಚಿನ್ನಕ್ಕೆ ಹೋದವು. ಬೆಳ್ಳಿಯ ಬೆಲೆ ಕುಸಿಯಿತು. ೧೮೭೧–೭೨ರಲ್ಲಿ ೨೩ ಪೆನ್ಸಿನಷ್ಟಿದ್ದ ರೂಪಾಯಿ ೧೮೯೨–೯೩ಕ್ಕೆ ೧೫ ಪೆನ್ಸಿಗೆ ಇಳಿಯಿತು. ತೋಟದ ದೊರೆ ಕಾಫಿ ಮಾರುವುದು ಲಂಡನ್ನಿನಲ್ಲಿ, ಚಿನ್ನದ ಪೌಂಡಿಗೆ. ಕೂಲಿ ಕೊಡುವುದು ಇಲ್ಲಿ, ಬೆಳ್ಳಿಯ ರೂಪಾಯಿಯಲ್ಲಿ. ಲಂಡನ್ನಿನ ಧಾರಣೆ ಒಂದೇ ಎಂದಿಟ್ಟುಕೊಂಡರೆ, ನೂರು ಪೌಂಡಿನ ಕಾಫಿಗೆ ಮೊದಲು ಸಿಗುತ್ತಿದ್ದುದು ೧,೦೪೩ ರೂಪಾಯಿ. ಆಮೇಲೆ ಸಿಕ್ಕಿದ್ದು ೧,೬೦೦ ರೂಪಾಯಿ. ಗಿಡ ಅದೇ, ಬೆಟ್ಟ ಅದೇ, ಜಿಗಣೆ ಅದೇ. ಹೆಚ್ಚಿಗೆ ಬಂದ ೫೫೭ ರೂಪಾಯಿಗೆ ಕೂಲಿಯವನ ಹಾಜರಿ ಪುಸ್ತಕದಲ್ಲಿ ಅಂಕಣವಿರಲಿಲ್ಲ.

೧೮೯೩ರ ಜೂನ್ ತಿಂಗಳಲ್ಲಿ ಸರ್ಕಾರ ಸಾರ್ವಜನಿಕರ ಬೆಳ್ಳಿಗೆ ಟಂಕಸಾಲೆಯ ಬಾಗಿಲು ಮುಚ್ಚಿತು. ಅದಕ್ಕೆ ಮೊದಲು ಯಾರೇ ಬೆಳ್ಳಿ ಒಯ್ದರೂ ರೂಪಾಯಿ ಹೊಯ್ಯಿಸಿಕೊಳ್ಳಬಹುದಿತ್ತು. ರೂಪಾಯಿಯನ್ನು ೧೬ ಪೆನ್ಸಿಗೆ ಎತ್ತಿ ನಿಲ್ಲಿಸುವುದು ಸರ್ಕಾರದ ಉದ್ದೇಶ. ಇಂಗ್ಲೆಂಡಿಗೆ ವರ್ಷ ವರ್ಷ ಕಳಿಸಬೇಕಾದ ಹಣ ಅಗ್ಗವಾಗಬೇಕಲ್ಲ. ಎಲಿಯಟ್ ದೊರೆ ಇದನ್ನು ವಿರೋಧಿಸಿದ. ತೋಟಗಾರನ ಲಾಭಕ್ಕೆ ಕತ್ತರಿ ಬಿದ್ದರೆ ವಿರೋಧಿಸದೆ ಇರುತ್ತಾನೆಯೇ? ಸರ್ಕಾರಕ್ಕೂ ತೋಟದ ದೊರೆಗೂ ಜಗಳ. ಇಬ್ಬರೂ ‘ಬಡ ರೈತನ ಹಿತ’ದ ಹೆಸರು ಹೇಳಿದರು.

ಆ ಬಡವನ ಗತಿ ಏನಾಯಿತು? ನಮ್ಮ ಬಡವರಿಗೆ ಬ್ಯಾಂಕು ಎಂದರೆ ಹೆಂಗಸಿನ ಕಾಲ್ಗಡಗ, ಮಗುವಿನ ಉಡಿದಾರ. ೧೮೭೬–೭೮ರ ಮಹಾಕ್ಷಾಮದಲ್ಲಿ ಜನ ಮೈಮೇಲಿನ ಬೆಳ್ಳಿ ಮಾರಿ ಕಾಳು ಕೊಂಡರು. ಕೊಂಡರೂ ಎಷ್ಟು ಮಂದಿ ಬದುಕಿದರು! ೧೮೭೧ರ ಗಣತಿಯಲ್ಲಿ ೫೦ ಲಕ್ಷವಿದ್ದ ಮೈಸೂರು ಸಂಸ್ಥಾನ ೧೮೮೧ರಲ್ಲಿ ೪೨ ಲಕ್ಷಕ್ಕಿಳಿಯಿತು. ಅಂಥ ಆಪತ್ತಿಗೆ ಒದಗಬೇಕಾದ ಬೆಳ್ಳಿ ೧೮೯೩ರ ನಂತರ ರೂಪಾಯಿಗಿಂತ ಬೇರೆಯಾಗಿ, ಅಗ್ಗವಾಗಿ ಹೋಯಿತು. ಒಂದು ರೂಪಾಯಿ ತೂಕದ ಕಡಗಕ್ಕೆ ಒಂದು ರೂಪಾಯಿ ಹುಟ್ಟದಾಯಿತು. ಬೆಳ್ಳಿ ಇಳಿದಾಗ ಕೂಲಿಯವನಿಗೆ ನಷ್ಟ, ರೂಪಾಯಿ ಏರಿಸಿದಾಗ ಕಡಗದವಳಿಗೆ ನಷ್ಟ. ಎರಡು ಸಲವೂ ಗೂಬೆ ಬಂದು ಕೂತದ್ದು ಒಂದೇ ಗುಡಿಸಲಿನ ಮೇಲೆ.

ಕೂಲಿಯವನು ಬಿಟ್ಟುಹೋಗಬಾರದೇ ಎಂದರೆ, ಅದಕ್ಕೂ ಕಾನೂನಿತ್ತು. ೧೮೫೯ರ ೧೩ನೆಯ ಕಾಯಿದೆಯಂತೆ ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮೂರು ತಿಂಗಳವರೆಗೆ ಜೈಲಿಗೆ ಹಾಕಬಹುದಿತ್ತು. ದಕ್ಷಿಣ ಭಾರತದ ತೋಟಗಳಲ್ಲಿ ಮೇಸ್ತ್ರಿ ಎಣಿಸಿಕೊಟ್ಟ ಬೆಳ್ಳಿ ರೂಪಾಯಿ ಎಂದರೆ ಸಂಬಳವೂ ಹೌದು, ಸಂಕೋಲೆಯೂ ಹೌದು. ಆ ಕಾಯಿದೆಯನ್ನು ತೆಗೆಯುವ ಕಾನೂನು ಬರಲು ೧೯೨೫ ಆಗಬೇಕಾಯಿತು. ಕ್ರಿ.ಪೂ. ಐದನೆಯ ಶತಮಾನದ ಸೋಸಿಯಾಸ್ ಇಲ್ಲಿಗೆ ಬಂದಿದ್ದರೆ ಅವನಿಗೆ ಕೆಲಸ ಹೊಸದೆನಿಸುತ್ತಿರಲಿಲ್ಲ.

ಬೆಳ್ಳಿ ಹೋಯಿತು, ಲೆಕ್ಕ ಉಳಿಯಿತು

೧೯೪೦ರಲ್ಲಿ ಯುದ್ಧದ ನೆಪದಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿದರು. ೧೯೪೭ರ ಹೊತ್ತಿಗೆ ನಿಕ್ಕಲ್ ರೂಪಾಯಿ ಬಂತು. ೧೯೫೭ರ ಏಪ್ರಿಲ್ ೧ರಿಂದ ಆಣೆಯೂ ಹೋಗಿ ನಯಾ ಪೈಸೆ ಬಂತು. ‘ಹದಿನಾರಾಣೆ ಸತ್ಯ’ ಎಂಬ ಮಾತು ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ. ಆ ಹದಿನಾರಾಣೆ ಸತ್ಯವೇನೆಂದರೆ, ಲೋಹ ಬದಲಾಯಿತು, ಲೆಕ್ಕ ಬದಲಾಗಲಿಲ್ಲ.

ಇಂದು ಪೌಂಡಿನ ಜಾಗದಲ್ಲಿ ಡಾಲರಿದೆ. ೨೦೨೫ರ ಡಿಸೆಂಬರಿನಲ್ಲಿ ಡಾಲರಿಗೆ ೯೦ ರೂಪಾಯಿ ದಾಟಿತು. ೨೦೨೪–೨೫ರಲ್ಲಿ ಕಾಫಿಯ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ಸಕಲೇಶಪುರ, ಆಲೂರಿನ ಕಣದಲ್ಲಿ ಒಣಗಿದ ಕಾಫಿಗೆ ಬೆಲೆ ಬಂದರೆ ನಮಗೆ ಸಂತೋಷವೇ. ಎರಡೆಕರೆಯ ಸಣ್ಣ ಬೆಳೆಗಾರನ ಸಾಲ ತೀರಲಿ. ಆದರೆ ಕೇಳಬೇಕಾದುದನ್ನು ಕೇಳೋಣ. ಕಾಫಿಯ ಬೆಲೆ ಏರಿದಷ್ಟೇ ಲೈನ್‌ಮನೆಯವಳ ಕೂಲಿ ಏರಿತೇ? ಮಿಲ್ಲಿನಲ್ಲಿ ಕೂತು ಬೀಜ ಹೆಕ್ಕುವ ಹೆಂಗಸಿನ ಕೂಲಿ ಏರಿತೇ? ತುಟ್ಟಿಭತ್ಯೆ ಏರುತ್ತದೆ ನಿಜ. ಅದು ಏರುವುದು ಜೀವನವೆಚ್ಚದ ಸೂಚ್ಯಂಕದ ಹಿಂದೆ. ಅಕ್ಕಿಬೇಳೆ ಮೊದಲು ತುಟ್ಟಿಯಾಗಬೇಕು, ಆಮೇಲೆ ಭತ್ಯೆ. ಅದು ಆಗಿಹೋದ ನಷ್ಟದ ಭರ್ತಿ. ಲಾಭದಲ್ಲಿ ಪಾಲು ಅನ್ನುವುದು ಬೇರೆಯೇ ಬಾಬತ್ತು. ಆ ಬಾಬತ್ತನ್ನು ಯಾರೂ ತೆರೆದಿಲ್ಲ.

ಸಂತೆಯ ವ್ಯಾಪಾರಿಯ ಪಾಡೂ ಹೀಗೆಯೇ. ಡಾಲರು ಏರಿದರೆ ರಫ್ತುದಾರನಿಗೆ ಅದೇ ಸಂಜೆ ಲಾಭ. ಇವನಿಗೆ ಮರುದಿನ ಬೆಳಿಗ್ಗೆ ಎಣ್ಣೆ, ಡೀಸೆಲ್ ಬಾಡಿಗೆ ತುಟ್ಟಿ. ಕೂಲಿಯವಳ ಕೈಯಲ್ಲಿ ಕಾಸಿಲ್ಲದಿದ್ದರೆ ಇವನ ಅಂಗಡಿಯಲ್ಲಿ ಕಡದ ಪುಸ್ತಕ ದಪ್ಪವಾಗುತ್ತದೆ. ಆದ್ದರಿಂದ ಅಂಗಡಿಯವನೂ ಮಿಲ್ಲಿನವನೂ ಬೇರೆ ಬೇರೆ ದೋಣಿಯಲ್ಲಿದ್ದೇವೆ ಎಂದು ಭಾವಿಸುವುದು ದೊಡ್ಡವರಿಗೆ ಮಾತ್ರ ಅನುಕೂಲ.

ಇದಕ್ಕೆ ಪರಿಹಾರ ಪುರಾಣದಲ್ಲಿಲ್ಲ, ಲೆಕ್ಕದಲ್ಲಿದೆ. ಒಂದನೆಯದು: ಕಾಫಿ, ಮೆಣಸಿನ ಧಾರಣೆ ಇಂತಿಷ್ಟು ಏರಿದರೆ ಕೂಲಿಗೆ ಇಂತಿಷ್ಟು ಎಂಬುದು ಒಪ್ಪಂದದಲ್ಲಿ ಬರೆದಿರಬೇಕು. ಎರಡನೆಯದು: ಕೂಲಿ ಗೊತ್ತುಮಾಡುವ ಮಾತುಕತೆಯಲ್ಲಿ ರಫ್ತಿನ ಬೆಲೆ, ವಿನಿಮಯದ ಲಾಭ ಎಷ್ಟೆಂಬ ಲೆಕ್ಕಪುಸ್ತಕ ಮೇಜಿನ ಮೇಲೆ ಬರಬೇಕು. ಮೂರನೆಯದು: ಹೆಕ್ಕುವವಳು, ಹೊರುವವನು, ಕೊಯ್ಯುವವಳು ಆ ಮೇಜಿನ ಬಳಿ ಕುರ್ಚಿ ಹಾಕಿಕೊಂಡು ಕೂತಿರಬೇಕು. ಅಥೆನ್ಸಿನ ಸಭೆ ನೂರು ಟ್ಯಾಲೆಂಟನ್ನು ಏನು ಮಾಡುವುದೆಂದು ಕೈ ಎತ್ತಿ ತೀರ್ಮಾನಿಸಿತಲ್ಲ, ಅಲ್ಲಿ ಎತ್ತಲಾಗದ ಕೈ ಯಾವುದಿತ್ತೋ ಆ ಕೈ ಇಲ್ಲಿ ಎತ್ತಬೇಕು.

ಇನ್ನು ಮುಂದೆ ಯಾರಾದರೂ ವೇದಿಕೆಯೇರಿ ‘ರೋಮಿನ ಬೆಳ್ಳಿ ನಮ್ಮಲ್ಲಿಗೆ ಬಂದಿತು, ನಾವು ಸಿರಿವಂತರಾಗಿದ್ದೆವು’ ಎಂದರೆ ಚಪ್ಪಾಳೆ ತಟ್ಟುವ ಮೊದಲು ಎದ್ದು ನಿಂತು ಕೇಳಿ: ‘ಸ್ವಾಮಿ, ಮೆಣಸು ಕೊಯ್ದವನಿಗೆ ಅದರಲ್ಲಿ ಎಷ್ಟು ಬಂತು?’ ಉತ್ತರ ಬರುವ ತನಕ ಕೂರಬೇಡಿ.